ಒಳಲೆಯಲ್ಲಿ ಹೊಯ್ದ ವಾಂತಿ ಔಷಧಿ

ಉಳಿದ ಔಷಧಿ ಸೀಸೆಗಳನ್ನು ಕಪಾಟಿನಲ್ಲಿ ಕೂಡಿಡುವವರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಗರುಡಾಚಾರ್‌ಪಾಳ್ಯದ ನಮ್ಮ ಅತ್ತೆಯ ಮನೆ ಅಂಥದ್ದು. ಹೊಲವಿದ್ದ ಕಡೆ ಕಾರ್ಖಾನೆ ಶೆಡ್ಡುಗಳೆದ್ದು ಬಾಡಿಗೆ ಬರತೊಡಗಿದ್ದರೂ, ಯಾರಿಗೋ ಬರೆದುಕೊಟ್ಟ ಔಷಧಿ ಅಲ್ಲಿ ಎಲ್ಲರಿಗೂ ಔಷಧಿಯೇ.

ತೊಂಬತ್ತರ ದಶಕದ ಕೊನೆ. ನನ್ನ ಮಗಳಿಗೆ ಐದು ತಿಂಗಳು. ಒಂದು ಬೆಳಿಗ್ಗೆ ಕುಡಿದ ಹಾಲನ್ನೆಲ್ಲ ಕಕ್ಕತೊಡಗಿದಳು. ಅತ್ತೆ ಕಪಾಟಿನಿಂದ ಒಂದು ಸೀಸೆ ತೆಗೆದರು. ಭಾವನ ಆರು ವರ್ಷದ ಮಗನಿಗೆ ಡಾಕ್ಟರು ಬರೆದುಕೊಟ್ಟಿದ್ದ ವಾಂತಿ ಔಷಧಿ. ಅಳತೆಯ ಮುಚ್ಚಳ ಎಂದೋ ಕಳೆದುಹೋಗಿತ್ತು. ಮಗುವಿಗೆ ಹಾಲು ಹಾಕುವ ಬೆಳ್ಳಿ ಒಳಲೆಗೆ ಅಂದಾಜಿನಲ್ಲಿ ಹೊಯ್ದರು.

“ಅತ್ತೆ, ಇವಳಿನ್ನೂ ಎಳೇ ಮಗು,” ಎಂದೆ.

“ದೊಡ್ಡ ಮೊಮ್ಮಗನ್ಗೂ ಇದೇ ಕೊಟ್ಟಿದ್ದು, ಒಂದೇ ಸಲಕ್ಕೆ ನಿಂತೋಯ್ತು. ನಾನೇನು ಮಕ್ಕಳನ್ನ ಸಾಕಿಲ್ವಾ?”

ಮಗುವನ್ನು ಅವರ ತೊಡೆಗೆ ಕೊಟ್ಟೆ, ಅವರು ಕುಡಿಸಿದರು. ಹತ್ತು ನಿಮಿಷಕ್ಕೆ ಮಗು ಮತ್ತೆ ಕಕ್ಕಿತು. ಔಷಧಿಯೂ ಆಚೆ ಹೋಯಿತೆಂದುಕೊಂಡು ನಾನೇ ಇನ್ನೊಂದು ಒಳಲೆ ಕುಡಿಸಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

ಮಧ್ಯಾಹ್ನದ ಹೊತ್ತಿಗೆ ಮಗುವಿನ ಕತ್ತು ಹಿಂದಕ್ಕೆ ಸೆಟೆದುಕೊಂಡಿತು. ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು.

“ಬಾಲಗ್ರಹ ಕಣವ್ವಾ, ದಾರ ಕಟ್ಟಿಸ್ಕೊಂಡು ಬರಾಣ,” ಎಂದರು ಅತ್ತೆ.

“ಗ್ರಹಾನೂ ಇಲ್ಲ, ಗಾಳೀನೂ ಇಲ್ಲ! ನೀವು ಕುಡಿಸಿದ ಔಷಧೀನೇ ಇದು!”

ಸೀಸೆಯನ್ನು ಕಿತ್ತುಕೊಂಡು, ಮಗುವನ್ನೆತ್ತಿಕೊಂಡು ಆಟೋ ಹತ್ತಿದೆ. ಅತ್ತೆ ಬರಿಗಾಲಲ್ಲೇ ಹಿಂದೆ ಬಂದು ಕೂತರು. ಪುಲಿಕೇಶಿನಗರದ ಮಕ್ಕಳ ಡಾಕ್ಟರ ಬಾಗಿಲು ಮುಟ್ಟುವವರೆಗೂ ಅವರನ್ನು ಬಾಯಿಗೆ ಬಂದ ಹಾಗೆ ಬೈದೆ. “ನನ್ ಮಗೂಗೆ ಏನಾದ್ರೂ ಆದ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ,” ಎಂದೆ. ಅವರು ಮಗುವಿನ ಪಾದ ಹಿಡಿದುಕೊಂಡು ಕೂತಿದ್ದರು. ನಾನು ಕುಡಿಸಿದ ಒಳಲೆಯ ಮಾತು ನನ್ನ ನಾಲಿಗೆಗೆ ಬರಲೇ ಇಲ್ಲ.

ಡಾಕ್ಟರಮ್ಮ ಸೀಸೆ ನೋಡಿದರು. “ಎಷ್ಟು ಸಲ ಕೊಟ್ರಿ? ನಿಜ ಹೇಳಿ.”

“ಎರಡು ಸಲ,” ಎಂದು ಒಳಲೆಯ ಅಳತೆಯನ್ನು ಕೈಯಲ್ಲಿ ತೋರಿಸಿದೆ. ತಕ್ಷಣ ಇಂಜೆಕ್ಷನ್ ಕೊಟ್ಟು ಅಲ್ಲೇ ಮಲಗಿಸಿಕೊಂಡರು. ಸ್ವಲ್ಪ ಹೊತ್ತಿಗೆ ಕತ್ತು ಸಡಿಲವಾಯಿತು, ಕಣ್ಣು ಕೆಳಗಿಳಿದವು, ಮಗು ಅತ್ತಿತು. ಆಮೇಲೆ ಡಾಕ್ಟರಮ್ಮನ ಸಿಟ್ಟು ಶುರುವಾಯಿತು.

“ಬೇರೆ ಮಗುವಿನ ಔಷಧೀನ ಇದಕ್ಕೆ ಹಾಕ್ತೀರಾ? ಅದು ಹೆಚ್ಚಾಗೇ ಕತ್ತು ಸೆಟೆದಿದ್ದು. ಎಳೇ ಮಕ್ಕಳಿಗೆ ಇದನ್ನ ನಾವೇ ಯೋಚನೆ ಮಾಡಿ, ತೂಕ ನೋಡಿ ಕೊಡ್ಬೇಕು. ಕಕ್ಕಿದ್ರೆ ಎದೆಹಾಲು ಸ್ವಲ್ಪ ಸ್ವಲ್ಪ ಕೊಡ್ತಾ ಇರಿ. ಉಚ್ಚೆ ಕಡಿಮೆಯಾದ್ರೆ, ಮಗು ಮಂಕಾದ್ರೆ ಓಡ್ಬನ್ನಿ. ಒಂದು ಸಲ ಸಾಲ್ದು ಅಂತ ಎರಡನೇ ಸಲ ಕೊಟ್ಟಿದ್ದು ಯಾರು?”

ಅತ್ತೆ ನನ್ನ ಕಡೆ ನೋಡಲೂ ಇಲ್ಲ.

“ಎರಡೂ ಸಲ ನಾನೇ ಕಣಮ್ಮ,” ಎಂದರು.

ಅರವತ್ತು ದಾಟಿದ ಹೆಂಗಸು, ಹೊರಗೆ ಕಾದಿದ್ದವರಿಗೆಲ್ಲ ಕೇಳುವ ಹಾಗೆ ಬೈಸಿಕೊಂಡು ತಲೆ ತಗ್ಗಿಸಿ ನಿಂತಿದ್ದರು. ನಾನು ಮಗುವನ್ನು ತಟ್ಟುತ್ತ ಕೂತಿದ್ದೆ.

ಅತ್ತೆ ಈಗಿಲ್ಲ. ಅಜ್ಜಿ ಎರಡೆರಡು ಸಲ ಔಷಧಿ ಕುಡಿಸಿ ತನ್ನನ್ನು ಸಾಯಿಸುವುದರಲ್ಲಿದ್ದರಂತೆ ಎಂದು ಮಗಳು ನೆಂಟರ ಮುಂದೆ ನಗುತ್ತ ಹೇಳುತ್ತಾಳೆ. ನಾನು ಪಕ್ಕದಲ್ಲೇ ಇರುತ್ತೇನೆ. ಸಿಟ್ಟು ನೆತ್ತಿಗೇರುತ್ತದೆ, ಅವಳ ಮೇಲಲ್ಲ. ಅದರಲ್ಲಿ ಒಂದು ಸಲ ಕುಡಿಸಿದ್ದು ನಾನು ಎಂದು ಇವತ್ತಿಗೂ ಹೇಳಿಲ್ಲ.