ಅವಳಿಂದ ಬರೆಸಿಕೊಂಡ ಎರಡು ಪುಟ

ತಿಪಟೂರಿನಲ್ಲಿ ನಾನು ಆಪ್ತಸಮಾಲೋಚಕಿಯಾಗಿ ಇಪ್ಪತ್ತು ವರ್ಷ ಕಳೆದ ಮೇಲೆ, ಕಾಲೇಜೊಂದರವರು ತರಬೇತಿಗೆಂದು ಒಬ್ಬ ಹುಡುಗಿಯನ್ನು ನನ್ನ ಬಳಿ ಕಳಿಸಿದರು. ಊರಿನ ಟೈಲರೊಬ್ಬರ ಮಗಳು. ಮಾತು ಕಡಿಮೆ, ಕಿವಿ ಚುರುಕು. ಕೊಬ್ಬರಿ ಅಂಗಡಿಯ ಮೇಲಿನ ನಮ್ಮ ಕೋಣೆಯಲ್ಲಿ ಕೂತು ಜನರ ಕಷ್ಟ ಕೇಳುವುದು ಅವಳ ಕೆಲಸ. ವಾರಕ್ಕೊಮ್ಮೆ ಅವಳ ಜೊತೆ ಕೂತು ತಿದ್ದುವುದು ನನ್ನದು. ಇಲ್ಲಿ ಕೇಳಿದ್ದು ಮೆಟ್ಟಿಲಿಳಿಯಬಾರದು ಎಂದು ಮೊದಲ ದಿನವೇ ಅವಳಿಗೆ ಹೇಳಿಕೊಟ್ಟವಳು ನಾನು.

ದಬ್ಬೇಘಟ್ಟದ ಕಡೆಯ ಬಾಣಂತಿಯೊಬ್ಬಳು ಅವಳ ಹತ್ತಿರ ಬರತೊಡಗಿದಳು. ನಾಲ್ಕು ತಿಂಗಳ ಅವಳಿ ಮಕ್ಕಳು. ಮೂರನೆಯ ಸಲ ಬಂದಾಗ ಆಕೆ ಬಾಯಿಬಿಟ್ಟಳು: ತೋಟದ ಬಾವಿ ಕಂಡರೆ ಮಕ್ಕಳನ್ನು ಅದರೊಳಗೆ ಹಾಕಿಬಿಡುತ್ತೇನೇನೋ ಅನ್ನಿಸುತ್ತದಂತೆ, ಆ ಭಯಕ್ಕೆ ತೋಟಕ್ಕೆ ಕಾಲಿಡುವುದನ್ನೇ ಬಿಟ್ಟಿದ್ದಾಳಂತೆ. ಹುಡುಗಿ ಗಾಬರಿಯಿಂದ ನನಗೆ ತಿಳಿಸಿದಳು. ಹೆರಿಗೆಯಾದ ಎಷ್ಟೋ ಹೆಂಗಸರಿಗೆ ಇಂಥ ಬೇಡದ ಯೋಚನೆ ಬರುತ್ತದೆ, ಇದಕ್ಕೆ ಚಿಕಿತ್ಸೆಯಿದೆ ಎಂದು ಅವಳಿಗೆ ಧೈರ್ಯ ಹೇಳಿ, ಬಾಣಂತಿಯನ್ನು ಮನೋವೈದ್ಯರ ಹತ್ತಿರ ಕಳಿಸಿದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಆಮೇಲೆ ಮಾಯಸಂದ್ರದಲ್ಲಿ ಹೆಂಗಸರ ಸಭೆಯೊಂದಕ್ಕೆ ಮಾತಾಡಲು ಹೋದೆ. ಊಟದ ಹೊತ್ತು ಹತ್ತಿರವಾಗಿ ಜನ ತಮ್ಮತಮ್ಮಲ್ಲೇ ಮಾತಿಗಿಳಿದಿದ್ದರು. ಅವರನ್ನು ಹಿಡಿದು ಕೂರಿಸುವ ಚಪಲಕ್ಕೆ ಬಾವಿಯ ವಿಷಯ ಎತ್ತಿದೆ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಆದರೆ ಅವಳಿ ಮಕ್ಕಳು ಅಂದೆ. ಸಭೆ ಗಪ್ಪಾಯಿತು. ನನಗೆ ಒಳಗೊಳಗೇ ಹಿಗ್ಗಾಯಿತು. ಆ ಹಿಗ್ಗನ್ನು ನೆನೆದರೆ ಇವತ್ತಿಗೂ ನಾಚಿಕೆಯಿಂದ ಹಿಡಿಯಷ್ಟಾಗುತ್ತೇನೆ.

ಬಾಣಂತಿ ಎರಡು ವಾರ ಬರಲಿಲ್ಲ. ಹುಡುಗಿ ಫೋನ್ ಮಾಡಿದಾಗ ಅತ್ತೆ ಎತ್ತಿಕೊಂಡು, ನಮ್ಮನೆ ಮಾನ ಊರಿಗೆಲ್ಲ ಹಂಚಿದಿರಲ್ಲ ಎಂದು ಬೈದರಂತೆ. ಸೊಸೆಯ ಕೈಗೆ ಈಗ ಮಕ್ಕಳನ್ನು ಕೊಡುವುದು ಹಾಲೂಡಿಸುವಾಗ ಮಾತ್ರ, ಅದೂ ಯಾರಾದರೂ ಎದುರಿಗೆ ಕೂತಿದ್ದರೆ.

ಮಾಯಸಂದ್ರದ ನನ್ನ ಮಾತೇ ಆ ಮನೆ ತಲುಪಿದೆ ಎಂದು ನನಗೆ ಆ ಕ್ಷಣವೇ ಅರ್ಥವಾಯಿತು. ಆದರೂ ನಾನು ಕೇಳಿದ್ದು, "ನಿಮ್ಮನೇಲಿ ಯಾರ ಹತ್ರನಾದ್ರೂ ಹೇಳಿದ್ಯೇನಮ್ಮ?"

"ಇಲ್ಲ ಮೇಡಂ. ನಮ್ಮಮ್ಮಂಗೂ ಹೇಳಿಲ್ಲ."

ಎಲ್ಲಿ ತಪ್ಪಿತು ಅಂತ ಯೋಚಿಸಿ ಬರೆದು ತಾ ಎಂದೆ. ಮಾರನೆಯ ದಿನ ಎರಡು ಪುಟ ತಂದಳು. 'ಬಸ್ಸಿನಲ್ಲಿ ಒಮ್ಮೆ ಫೈಲು ತೆರೆದಿದ್ದೆ, ಪಕ್ಕದವರು ಓದಿರಬಹುದು.' 'ಮೆಟ್ಟಿಲ ಬಳಿ ಆಕೆಯನ್ನು ಹೆಸರು ಹಿಡಿದು ಕರೆದಿದ್ದೆ, ಅಂಗಡಿಯವರು ಕೇಳಿಸಿಕೊಂಡಿರಬಹುದು.' ಇಲ್ಲದ ತಪ್ಪುಗಳನ್ನು ಹುಡುಕಿ ಹುಡುಕಿ ಬರೆದಿದ್ದಳು. ಪೂರ್ತಿ ಓದಿದೆ. 'ಮುಂದೆ ಎಚ್ಚರ ವಹಿಸುವುದು' ಎಂದು ಬರೆದು ಸಹಿ ಹಾಕಿದೆ.

ಒಂದು ವಾರ ಕಳೆದ ಮೇಲೆ ಅವಳು ಬಂದು, ಕೋರ್ಸ್ ಬಿಡುತ್ತೇನೆ, ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ ಎಂದಳು. ಸಭೆಯಲ್ಲಿ ಬಾಯಿಬಿಟ್ಟವಳು ನಾನೇ ಎಂದು ಆಗ ಹೇಳಿದೆ. ಅವಳು ಅಳಲಿಲ್ಲ.

"ನಾನು ಬರೆದಿದ್ದು ಓದೋವಾಗ್ಲೂ ನಿಮ್ಗೆ ಗೊತ್ತಿತ್ತಾ ಮೇಡಂ?"

ಗೊತ್ತಿತ್ತು ಎಂದೆ.

ಕಾಲೇಜಿಗೆ ನಾನೇ ಪತ್ರ ಬರೆದು ನಡೆದದ್ದನ್ನೆಲ್ಲ ತಿಳಿಸಿದೆ. ಅವಳನ್ನು ತುಮಕೂರಿನ ಬೇರೊಬ್ಬರ ಕೈಕೆಳಗೆ ಹಾಕಿದರು. ನನ್ನ ಬಳಿ ಹೊಸಬರನ್ನು ಕಳಿಸುವುದು ನಿಂತಿತು. ಬಾಣಂತಿ ಒಪ್ಪಿದ ಮೇಲೆ ಅತ್ತೆ, ಸೊಸೆ ಇಬ್ಬರನ್ನೂ ಕಂಡೆ. ತಪ್ಪು ನನ್ನದು ಎಂದೆ. ಆಕೆಗೆ ಬಂದದ್ದು ಕಾಯಿಲೆಯ ಯೋಚನೆ, ಕೆಟ್ಟತನವಲ್ಲ, ವೈದ್ಯರೂ ಹೀಗೇ ಹೇಳಿದ್ದಾರೆ ಎಂದು ಅತ್ತೆಗೆ ಬಿಡಿಸಿ ಹೇಳಿದೆ. ಏಳುವಾಗ ಅತ್ತೆ ತಮ್ಮ ತೊಡೆಯ ಮೇಲಿದ್ದ ಮಗುವನ್ನು ಸೊಸೆಯ ಕೈಗೆ ಕೊಟ್ಟರು.

ಸೊಸೆ ನನ್ನ ಕಡೆ ನೋಡದೆ ಹೇಳಿದಳು, "ಆ ಹುಡ್ಗಿ ಇದ್ರೆ ಬತ್ತೀನಿ ಕಣ್ರೀ. ನೀವಿದ್ರೆ ಬರಲ್ಲ."

ಆಕೆ ತುಮಕೂರಿಗೇ ಹೋಗಿ ಹುಡುಗಿಯನ್ನು ಕಾಣುತ್ತಾ ಚೇತರಿಸಿಕೊಂಡಳು. ಈಗ ಆ ಹುಡುಗಿ ಚಿಕ್ಕನಾಯಕನಹಳ್ಳಿಯಲ್ಲಿ ಕೆಲಸ ಮಾಡುತ್ತಾಳೆ. ಇದನ್ನು ಬರೆಯಲೇ ಎಂದು ಅವಳ ಮೂಲಕವೇ ಆ ತಾಯಿಯ ಒಪ್ಪಿಗೆ ಕೇಳಿದೆ. ಗುರುತುಗಳನ್ನು ಬದಲಿಸಿದರೆ ಬರೆಯಲಿ ಅಂದಳಂತೆ, ಬದಲಿಸಿದ್ದೇನೆ. ಹುಡುಗಿ ದಾರಿಯಲ್ಲಿ ಸಿಕ್ಕರೆ ಮರ್ಯಾದೆಯಿಂದ ಆರೋಗ್ಯ ವಿಚಾರಿಸುತ್ತಾಳೆ. ಕಾಫಿಗೆ ಕರೆದರೆ ಬಸ್ಸಿಗೆ ಹೊತ್ತಾಯಿತು ಎನ್ನುತ್ತಾಳೆ. ನಾನು ಬಲವಂತ ಮಾಡುವುದಿಲ್ಲ.