ಬಿಳಿ ಇಲಿಗಳಿಗೂ ಸಿಕ್ಕ ಚರಗ

ಬೆಳಗಿನ ಆರು ಗಂಟೆ. ಕಡೇಚೂರಿನ ಔಷಧಿ ಪ್ರಯೋಗಾಲಯವೊಂದರಲ್ಲಿ ಬಳಿಚಕ್ರದ ಕರೆಮ್ಮ ಬಿಳಿ ಇಲಿಯೊಂದನ್ನು ಬಾಲ ಹಿಡಿದು ತೂಕದ ಡಬ್ಬಿಗೆ ಇಳಿಸುತ್ತಿದ್ದಾರೆ. 'ಸುಮ್ಕ ಕುಂಡ್ರು ನಮ್ಮವ್ವ! ಇನ್ನೂ ಎಪ್ಪತ್ತೊಂಬತ್ತು ಅದಾವ' ಎಂದು ಗದರುತ್ತಾರೆ. ಎಂಬತ್ತು ಇಲಿಗಳ ತೂಕ, ಅವು ತಿಂದುಳಿದ ಮೇವಿನ ತೂಕ, ದಿನಾ ಬರೆಯಬೇಕು. ಕಾಲುವೆ ನೀರು ಶಹಾಪುರ, ಸುರಪುರದ ಕಡೆ ಹರಿಯಿತು. ಅವರ ಊರು ಬಳಿಚಕ್ರಕ್ಕೆ ಮಳೆಯೇ ಗತಿ. ಹೊಲದ ಕೂಲಿ ಬಿಟ್ಟು ಕರೆಮ್ಮ ಇಲ್ಲಿಗೆ ಬಂದು ಹನ್ನೊಂದು ವರ್ಷ. ಇಲಿ ಕಾಯೋಳು ಎಂದು ಊರು ನಗುತ್ತದೆ. ನಗುವವರು ಒಂದು ದಿನ ಬಂದು ತೂಗಲಿ, ನೋಡೋಣ.

ವಿಜ್ಞಾನಿಗಳು ಇಲ್ಲಿ ನಲವತ್ತು ಇಲಿಗಳಲ್ಲಿ ಬೆಳವಣಿಗೆಗೆ ನೆರವಾಗುವ ಒಂದು ಜೀನನ್ನು ಇಲ್ಲವಾಗಿಸಿದ್ದಾರೆ. ಅದಿಲ್ಲದೆ ಹೃದಯ ಹೇಗೆ ಬಡಿಯುತ್ತದೆ, ತಿಂದದ್ದು ಮೈಗೆ ಹೇಗೆ ಹತ್ತುತ್ತದೆ ಎಂಬುದು ಪ್ರಶ್ನೆ. ಉಳಿದ ನಲವತ್ತು ಹೋಲಿಕೆಗೆ. 'ಆ ಸಾಲಿನವು ಗುಂಡಿಗಿ ಬ್ಯಾನಿಯವ್ರಿ. ತೂಗಿದ ಮೇವು ಬಿಟ್ರ ಒಂದು ಕಾಳೂ ಹಾಕಂಗಿಲ್ಲ' ಎನ್ನುತ್ತಾರೆ ಕರೆಮ್ಮ.

ಇಷ್ಟು ಸರಳ ಮಾತು ಅವರ ತಮ್ಮ ಖಂಡಪ್ಪನ ತಲೆಗೆ ಹೋಗಲಿಲ್ಲ. ಅಕ್ಕನೇ ಕಾಡಿ ಬೇಡಿ ಕೊಡಿಸಿದ ಕಸ ಗುಡಿಸುವ ಕೆಲಸ ಆತನದು. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯಂದು ಹೊಲದಲ್ಲಿ ಸಕಲ ಜೀವಿಗಳಿಗೆಂದು ಹಬ್ಬದಡುಗೆಯ ಚರಗ ಚೆಲ್ಲಿ, ಉಳಿದ ಶೇಂಗಾ ಹೋಳಿಗೆಯನ್ನು ಇಲ್ಲಿಗೆ ತಂದ. ಪಾಪ ಅನಿಸಿ, ಹೃದಯದ ಬೇನೆಯ ನಲವತ್ತಕ್ಕೆ ಮಾತ್ರ ಮುರಿದು ಹಾಕಿದ. ಕರ್ಮ!

ಮರುದಿನ ಆ ಸಾಲಿನ ತೂಕ ಏರಿತ್ತು. ಇದು ಜೀನ್ ಇಲ್ಲದ್ದರ ಪರಿಣಾಮವೇ ಎಂದು ವಿಜ್ಞಾನಿಗಳು ಹಿಗ್ಗಿದರು. ಕರೆಮ್ಮನಿಗೆ ಪಂಜರದ ಮೂಲೆಯಲ್ಲಿ ಹೋಳಿಗೆಯ ಚೂರು ಸಿಕ್ಕಿತು. ಹೇಳಿದರೆ ತಮ್ಮನ ಕೆಲಸ ಹೋಗುತ್ತದೆ, ಹದಿನಾಲ್ಕು ವಾರ ತೂಗಿ ಬರೆದ ದುಡಿಮೆಯೂ ಹೋಗುತ್ತದೆ. 'ಅಕ್ಕಾ, ಇಲಿ ಬಂದು ಸಾಕ್ಷಿ ಹೇಳ್ತಾವೇನು? ಸುಮ್ನಿರು' ಎಂದನಂತೆ ಖಂಡಪ್ಪ.

ಕರೆಮ್ಮ ಹೋಗಿ ವಿಜ್ಞಾನಿಗಳಿಗೆ ಹೇಳಿಯೇಬಿಟ್ಟರು. ಅವರು ಖಂಡಪ್ಪನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು, ಪ್ರಯೋಗ ಮೊದಲಿನಿಂದ ಶುರುವಾಯಿತು. ಮುಂದೆ ಬರಲಿರುವ ವರದಿಯಲ್ಲಿ ಒಂಬತ್ತು ಹೆಸರುಗಳಿರುತ್ತವಂತೆ, ಕರೆಮ್ಮನದೊಂದು ಬಿಟ್ಟು. ಯಾಕೆ ಎಂದು ಕೇಳಿದರೆ, ಅವರ ಬಗ್ಗೆ ಬರೆಯಲು ಬಂದ ನನ್ನ ಮೇಲೆಯೇ ರೇಗುತ್ತಾರೆ.

'ಹೆಸರು ತಗೊಂಡು ಏನ್ ಮಾಡ್ಲಿರಿ? ನಾಕು ತಿಂಗಳಾತು, ತಮ್ಮ ಮಾತಾಡವಲ್ಲ. ಅಂವ ಒಮ್ಮಿ ಅಕ್ಕಾ ಅಂದ್ರ ಸಾಕು.' ಮತ್ತೊಂದು ಇಲಿಯನ್ನು ತೂಗಿ, ಅಂಕಿ ಬರೆದು, ತಲೆಯೆತ್ತದೆ ಹೇಳುತ್ತಾರೆ: 'ಆದ್ರ ಇವತ್ತ ಮತ್ತ ಹಂಗಾದ್ರೂ ಹೇಳೇ ಹೇಳ್ತೀನ್ರಿ. ಸುಳ್ಳು ತೂಕ ಬರಿಯಾಕ ನನ್ನ ಕೈಲೆ ಆಗಂಗಿಲ್ಲ.'