ವೇದವತಿಯ ಪಾಲಿನ ತೀರ್ಥ

ಇಲ್ಲ ಸ್ವಾಮಿ, ಒಂದಕ್ಷರವೂ ಸುಳ್ಳಲ್ಲ. ಸ್ಪೇನಿನ ಟೊಲೆಡೊ ಊರಿನ ದೊಡ್ಡ ಚರ್ಚಿನ ಚಾವಣಿಯಿಂದ ಪಾರಿವಾಳದ ಮೊಟ್ಟೆ ಜಾರಿದರೆ, ನೆಲ ಮುಟ್ಟುವಷ್ಟರಲ್ಲಿ ಒಡೆದು ಮರಿಯಾಗಿ, ರೆಕ್ಕೆ ಬಲಿತು, ವಾಪಸ್ ಮೇಲೆ ಹಾರಿರುತ್ತದೆ. ಅಷ್ಟು ಎತ್ತರ. ನೀವು ಹುಬ್ಬೇರಿಸಿದ್ದು ನನಗೆ ಕಾಣುತ್ತಿದೆ. ನನ್ನ ಮೊಮ್ಮಗಳು ತಾನ್ಯಾ ಕೂಡ ಹೀಗೇ. ನಾನು ಏನು ಹೇಳಿದರೂ ಸ್ವೀಡಿಷ್‌ನಲ್ಲಿ "ನೇಯ್, ತಾತ", ಅಂದರೆ ಇಲ್ಲ ಅನ್ನುತ್ತಾಳೆ. ಸರಿ, ಪಾರಿವಾಳ ಬಿಡಿ. ಸೋಮಶೇಖರನ ವಿಷಯವನ್ನಾದರೂ ನಂಬಿ. ಅದಕ್ಕೆ ಬಣ್ಣ ಹಚ್ಚಲು ನನಗೇ ಮನಸ್ಸಿಲ್ಲ.

ಸೋಮಶೇಖರ ಭದ್ರಾವತಿಯವನು. ನಲವತ್ತೈದು ವರ್ಷದ ಹಿಂದೆ ಸ್ವೀಡನ್ನಿನ ಈ ಸ್ಯಾಂಡ್‌ವಿಕೆನ್‌ಗೆ ಬಂದು, ಕಾರ್ಖಾನೆಯಲ್ಲಿ ಉಕ್ಕಿನ ಹತಾರಗಳಿಗೆ ಸಾಣೆ ಹಿಡಿಯುತ್ತಲೇ ನಿವೃತ್ತನಾದ. ಹಾರುವ ಕಿಡಿ ನೋಡಿ ಯಾವ ಉಕ್ಕೆಂದು ಹೇಳುತ್ತಿದ್ದ. ಅಲಗಿನ ಮೇಲೆ ಹೆಬ್ಬೆರಳಾಡಿಸಿ, ಇನ್ನೊಂದು ಕೂದಲಿನಷ್ಟು ಸವೆಯಬೇಕು ಅನ್ನುತ್ತಿದ್ದ. ಅವನು ಸಾಣೆ ಹಿಡಿದ ಚಾಕುವಿನ ನೆರಳು ಬಿದ್ದೇ ನಮ್ಮ ಮನೆಯ ಟೊಮೆಟೊ ಎರಡು ಹೋಳಾಗಿತ್ತು. ಇದು ಸ್ವಲ್ಪ ಸುಳ್ಳು, ಒಪ್ಪಿದೆ. ಹೆಬ್ಬೆರಳಿನ ಮಾತು ನಿಜ.

ಕಳೆದ ಅಕ್ಟೋಬರ್‌ನಲ್ಲಿ ಅವನ ಹೆಂಡತಿ ವೇದವತಿ ತೀರಿಕೊಂಡಳು. ಅವನು ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಊಟದ ಮೇಜಿಗೆ ಮಾತ್ರ ಮತ್ತೆ ಕೂರಲಿಲ್ಲ. ಇಲ್ಲಿ ಸಿಗುವ ಹಪ್ಪಳದಂಥ ಒಣ ಬ್ರೆಡ್ಡನ್ನು ಸಿಂಕಿನ ಮುಂದೆ ನಿಂತು ಕಡಿಯುವುದು, ನಲ್ಲಿ ನೀರು ಕುಡಿಯುವುದು. ಆರು ತಿಂಗಳು ಅದೇ ಊಟ. ನಾನು ಅವನ ಎದುರು ಮನೆಯವನು, ದಿನಾ ಹೋಗಿ ಕೇಳುತ್ತಿದ್ದೆ.

"ಹೇಗಿದ್ದೀಯೋ?"

"ಕೈ ಮೇಲೆ ತಲೆ ಇಟ್ಕೊಂಡು ಮಲಗಿ ಎದ್ರೆ ಇರತ್ತಲ್ಲ, ಹಾಗಿದೆ ಕಣೋ ರಾಮು. ಕೈ ಇದೆ. ನಂದು ಅನ್ಸಲ್ಲ."

ಟೊಲೆಡೊ ವೇದವತಿಯ ಆಸೆ. ಯಾವ ಊರಿಗೆ ಹೋದರೂ ಅಲ್ಲಿನ ದೇವರಿಗೊಂದು ನಮಸ್ಕಾರ ಹಾಕದೆ ಬರುವವಳಲ್ಲ. ನೋಡಬೇಕಾದ ಒಂಬತ್ತು ಚರ್ಚುಗಳ ಹೆಸರನ್ನು ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು. ಏಪ್ರಿಲ್‌ನಲ್ಲಿ ಸೋಮಶೇಖರ ಆ ಚೀಟಿ ಕಿತ್ತುಕೊಂಡು ನನ್ನ ಮನೆಗೆ ಬಂದ.

"ಅಲ್ಲಿಗೆ ಹೋದ್ರಾದ್ರೂ ಏನಾದ್ರೂ ಅನ್ಸತ್ತಾ ನೋಡ್ತೀನಿ. ಅನ್ಸದೇ ಇದ್ರೆ ನಾನೂ ಹೋದ ಹಾಗೇ ಲೆಕ್ಕ. ಬರ್ತೀಯಾ?"

ಹೋದೆವು. ಟೊಲೆಡೊ ಎಂದರೆ ಗುಡ್ಡದ ಮೇಲಿನ ಊರು, ಮೂರು ಕಡೆ ಹೊಳೆ, ಬೀದಿಗೊಂದು ಕತ್ತಿ ಅಂಗಡಿ. ನನಗೆ ಖುಷಿಯಾಯಿತು, ಇವನ ಕಸುಬಿನ ಊರೇ ಇದು ಅಂತ. ಮೊದಲ ಅಂಗಡಿಯಲ್ಲೇ ಒಂದು ಕತ್ತಿ ಹಿಡಿದು ಹೆಬ್ಬೆರಳಾಡಿಸಿದ. ಇನ್ನೊಮ್ಮೆ ಆಡಿಸಿದ. "ಗೊತ್ತಾಗ್ತಿಲ್ಲ" ಎಂದು ವಾಪಸ್ ಇಟ್ಟ.

ಆಮೇಲೆ ಚರ್ಚುಗಳು. ಒಂದರಲ್ಲಿ ಚಿನ್ನದ ಮಂಟಪ, ಒಂದರಲ್ಲಿ ಗೋಡೆಯುದ್ದದ ಚಿತ್ರ, ಒಂದರಲ್ಲಿ ಮರದ ಸಂತ. ಆ ಸಂತ ನನಗೆ ಕಣ್ಣು ಹೊಡೆದ ಎಂದೆ. ಇವನು ನಗಲಿಲ್ಲ. ಹೊರಗೆ ಬಂದು ಚೀಟಿಯಲ್ಲಿ ಪೆನ್ಸಿಲ್ ಗೀಟು ಹಾಕುತ್ತಿದ್ದ.

"ಏನಾದ್ರೂ ಅನ್ಸ್ತಾ?"

"ಇಲ್ಲ. ಮುಂದಿಂದು ನೋಡೋಣ."

ಏಳನೆಯದು ಹಿಂದಿನ ಗಲ್ಲಿಯ ಪುಟ್ಟ ಚರ್ಚು. ಬಾಗಿಲಲ್ಲಿ ಇಬ್ಬರೂ ಶೂ ಬಿಟ್ಟೆವು. ಹಿಂದಿನ ಆರು ಕಡೆಯೂ ಬಿಟ್ಟಿದ್ದೆವು, ಜನ ನೋಡಿದ್ದರು, ನೋಡಲಿ. ಒಳಗೆ ಕಾಲಿಡುತ್ತಲೇ ಒಂದು ಕಲ್ಲಿನ ಬಟ್ಟಲು, ಅದರಲ್ಲಿ ನೀರು. ಮುಂದಿದ್ದ ಅಜ್ಜಿಯೊಬ್ಬಳು ಬೆರಳದ್ದಿ ಹಣೆಗೆ ಮುಟ್ಟಿಸಿಕೊಂಡಳು. ಸೋಮಶೇಖರ ಬಲ ಅಂಗೈ ಗುಳಿ ಮಾಡಿ, ನೀರು ತೆಗೆದು, ಸೊರ್ ಎಂದು ಕುಡಿದೇಬಿಟ್ಟ! ಮೂರು ಸಲ. ಒದ್ದೆ ಕೈಯನ್ನು ತಲೆಗೆ ಸವರಿಕೊಂಡ. ಅಜ್ಜಿಯ ಬಾಯಿ ತೆರೆದದ್ದು ತೆರೆದೇ ಇತ್ತು.

"ಲೋ, ಅದು ಕುಡಿಯೋದಲ್ವೋ!" ಎಂದು ಅವನ ತೋಳು ಎಳೆದೆ.

ಅವನಿಗೆ ಕೇಳಿಸಲಿಲ್ಲ. ಮತ್ತೊಂದು ಅಂಗೈ ತುಂಬಿಕೊಂಡು, ಚೆಲ್ಲದ ಹಾಗೆ ಕೆಳಗೆ ಎಡಗೈ ಹಿಡಿದು, ಹಿಂದಕ್ಕೆ ತಿರುಗಿದ. ವೇದವತಿಗೆ ಮಂಡಿನೋವು. ದೇವಸ್ಥಾನದಲ್ಲಿ ಸಾಲಿನಲ್ಲಿ ನಿಲ್ಲಲಾಗದೆ ಹಿಂದೆ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಅವಳ ಪಾಲಿನ ತೀರ್ಥವನ್ನು ಇವನೇ ಅಂಗೈಯಲ್ಲಿ ಒಯ್ದು ಕೊಡುತ್ತಿದ್ದ. ಎಷ್ಟೋ ವರ್ಷ ನೋಡಿದ್ದೇನೆ.

ಹಿಂದೆ ಬಾಗಿಲ ಪಕ್ಕದ ಬೆಂಚು ಖಾಲಿ ಇತ್ತು. ಅವನು ಕೈ ಚಾಚಿಕೊಂಡು ನಿಂತೇ ಇದ್ದ. ನೀರು ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು.

ಹೋಗಿ ಅವನ ಮುಂದೆ ಬಲಗೈ ಒಡ್ಡಿದೆ. ಉಳಿದದ್ದನ್ನು ಬಿಟ್ಟ. ಕುಡಿದೆ.

"ಉಪ್ಪುಪ್ಪಾಗಿದೆಯಲ್ಲೋ."

"ಹೌದಾ? ನಂಗೆ ಗೊತ್ತಾಗ್ಲಿಲ್ಲ."

ಅಜ್ಜಿ ಬೈಯುತ್ತಾಳೆಂದುಕೊಂಡರೆ, ಹೋಗಿ ಮುಂದಿನ ಬೆಂಚಿನಲ್ಲಿ ಕೂತು, ಸರಿದು ನಮಗೂ ಜಾಗ ಬಿಟ್ಟಳು. ಕೂತೆವು. ಅವನು ಅತ್ತ ಎಂದು ನಾನು ಹೇಳಬೇಕೆಂದು ನೀವು ಕಾಯುತ್ತಿದ್ದೀರಿ. ಪಾರಿವಾಳಕ್ಕಾದರೆ ಸುಳ್ಳು ಹೇಳಿಯೇನು, ಇದಕ್ಕೆ ಹೇಳುವುದಿಲ್ಲ. ಅಳಲಿಲ್ಲ. ಅರ್ಧ ಗಂಟೆ ಅಂಗೈ ನೋಡಿಕೊಂಡು ಕೂತಿದ್ದ. ಎದ್ದು ಶೂ ಹಾಕಿಕೊಳ್ಳುವಾಗ ಹೇಳಿದ:

"ತಣ್ಣಗಿತ್ತು ಕಣೋ ನೀರು."

"ಉಳಿದೆರಡು?"

"ಸಾಕು."

ಬಂದು ಹತ್ತು ದಿನವಾಯಿತು. ಈ ಮಧ್ಯಾಹ್ನ ಅವನೇ ನನಗೆ ಫೋನ್ ಮಾಡಿ ಬಾ ಎಂದ. ಅವನ ಹಾಲ್‌ನಲ್ಲಿ ಕೂತೇ ಈ ಫೋನಿನ ವಿಡಿಯೋದಲ್ಲಿ ನಿಮಗೆ ಇದನ್ನೆಲ್ಲ ಹೇಳುತ್ತಿದ್ದೇನೆ. ಅಡುಗೆಮನೆಯಲ್ಲಿ ಸಾಸಿವೆ ಸಿಡಿಯಿತು. ಯಾವ ಪುಡಿ ಹಾಕಿದನೋ, ಎರಡು ಸಲ ಕೆಮ್ಮಿದ. ನಾನು ಇನ್ನೂ ಆ ಹೊಳೆಯ ಮೀನಿನ ವಿಷಯ ಹೇಳಿಲ್ಲ. ಅದು ಎಷ್ಟು ಉದ್ದ ಎಂದರೆ, ಅದರ ತಲೆ ಸ್ಪೇನಿನಲ್ಲಿ...

"ರಾಮು! ಯಾರ ತಲೆ ತಿಂತಿದ್ದೀಯೋ ಅಲ್ಲಿ? ಸಾರಿಗೆ ಉಪ್ಪು ಸರಿಯಾಗಿದ್ಯೋ ಇಲ್ವೋ ನಂಗೆ ತಿಳೀತಿಲ್ಲ. ನೀನೇ ನೋಡು ಬಾ. ಬರ್ತಾ ಎರಡು ತಟ್ಟೆ ತಗೊಂಡು ಬಾ."

"ಎರಡೂ ಎಲ್ಲಿಡ್ಲೋ?"

"ಮೇಜಿನ ಮೇಲೆ ಕಣಯ್ಯಾ. ಇನ್ನೆಲ್ಲಿ, ನಿನ್ನ ತಲೆ ಮೇಲಾ?"

ಬರುತ್ತೇನೆ ಸ್ವಾಮಿ. ಸಾರು ಆರಬಾರದು.